ನೋಂದಾಯಿತ ಬಳಕೆದಾರರು: ದೊಡ್ಡಣ್ಣ

ಜನವರಿ 8

ದೊಡ್ಡಣ್ಣನವರಿಗೆ ನಮಸ್ಕಾರ.

'ಫೋನ್ ಬಿಟ್ಟು ಹೋಗ್ತೀನಿ, ಇನ್ನು ಯಾರ ಕೈಗೂ ಸಿಗಲ್ಲ' ಎಂದು ನೀವು ಹೇಳಿದಾಗ ನಾವೆಲ್ಲ ನಕ್ಕಿದ್ದೆವು. ನಿಜವಾಗಿಯೂ ಬಿಟ್ಟು ಹೋಗಿದ್ದೀರಿ. ಸಿಬ್ಬಂದಿ ಕಚೇರಿಯವರನ್ನು ಕಾಡಿ ಬೇಡಿ ನಿಮ್ಮ ತಮ್ಮನ ಮನೆಯ ವಿಳಾಸ ಪಡೆದೆ. ಕಾಗದ ಬರೆದು ಎಷ್ಟು ವರ್ಷವಾಯಿತೋ, ಅಕ್ಷರ ನೋಡಿ ನಗಬೇಡಿ.

ನೀವಿಲ್ಲದೆ ವರ್ಕ್‌ಶಾಪ್ ಬಣಬಣ ಎನ್ನುತ್ತಿದೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಮೂವತ್ತೊಂದು ವರ್ಷ ಜನರಿಗೆ ಕೃತಕ ಕಾಲು ಮಾಡಿಕೊಟ್ಟವರು ಡಿಸೆಂಬರ್‌ನಲ್ಲಿ ಎದ್ದು ಹೊರಟೇಬಿಟ್ಟಿರಿ. ಒಂದು ಬೀಳ್ಕೊಡುಗೆಯನ್ನೂ ಮಾಡಿಸಿಕೊಳ್ಳಲಿಲ್ಲ. ನಿಮ್ಮ ಪಕ್ಕದಲ್ಲೇ ಹನ್ನೊಂದು ವರ್ಷ ನಿಂತು ಕೆಲಸ ಕಲಿತವಳು ನಾನು. ರಕ್ತಸಂಬಂಧವಿಲ್ಲದಿದ್ದರೂ ನೀವು ಎಲ್ಲರಿಗೂ ದೊಡ್ಡಣ್ಣ, ನಾನು ನಿಮಗೆ ತಂಗಿ. ಆ ಸಲಿಗೆಯಿಂದ ಈ ತೊಂದರೆ ಕೊಡುತ್ತಿದ್ದೇನೆ.

ವಿಷಯ ಇಷ್ಟು. ನೀವಿದ್ದಾಗ ಬೆಳಿಗ್ಗೆ ನೀವೇ ಬಂದು ಲಿನಕ್ಸ್ ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ತೆರೆದಿಡುತ್ತಿದ್ದಿರಿ, ದಿನವಿಡೀ ನಾವೆಲ್ಲ ಅದರಲ್ಲೇ ಕೆಲಸ ಮಾಡುತ್ತಿದ್ದೆವು. ಈಗ ನನ್ನ ಹೆಸರಿನ ಖಾತೆಯಲ್ಲಿ ಒಳಗೆ ಹೋದರೆ, ಬಟ್ಟಲು ಬಿಡಿಸುವ ತಂತ್ರಾಂಶ 'ಈ ಪ್ರತಿ ನೋಂದಣಿಯಾಗಿಲ್ಲ' ಎನ್ನುತ್ತದೆ. ಅದೇ ಯಂತ್ರ, ಅದೇ ತಂತ್ರಾಂಶ, ನಾನು ಮಾತ್ರ ಬೇರೆ! ಕತ್ತರಿಸಿ ಉಳಿದ ಕಾಲಿನ ತುದಿ ಕೂರುವ ಬಟ್ಟಲನ್ನು ತೆರೆಯ ಮೇಲೆ ಬಿಡಿಸಬಹುದು, ತಿರುಗಿಸಿ ನೋಡಬಹುದು. ಉಳಿಸಲು ಬಿಡುವುದಿಲ್ಲ, ಅಚ್ಚು ಕೊರೆಯುವ ಯಂತ್ರಕ್ಕೆ ಕಳಿಸಲೂ ಬಿಡುವುದಿಲ್ಲ. ಹದಿನಾಲ್ಕು ಜನ ಕಾಯುತ್ತಿದ್ದಾರೆ. ನಿಮ್ಮ ಖಾತೆಯ ಪಾಸ್‌ವರ್ಡ್ ಒಂದು ಸಾಲು ಬರೆದು ಕಳಿಸಿದರೆ ನಮ್ಮ ಬಂಡಿ ಮುಂದೆ ಹೋಗುತ್ತದೆ.

ನಿಮ್ಮ ತಂಗಿ

&nbsp;

ಜನವರಿ 17

ತಂಗಿಗೆ ಆಶೀರ್ವಾದ.

ಕಾಗದ ನೋಡಿ ಸಂತೋಷವಾಯಿತು. ನಿನ್ನ ಅಕ್ಷರ ನೀನು ಕಾಲಿನ ಅಚ್ಚಿಗೆ ಮಾಡುವ ಗಾರೆಗೆಲಸದಷ್ಟು ನುಣುಪಿಲ್ಲ, ಆದರೂ ಓದಲು ಬಂತು. ಇಲ್ಲಿ ತಮ್ಮನ ಮನೆಯ ಮಹಡಿಯಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ಕಿಟಕಿಯಾಚೆ ಬಸ್ಸು ತಿರುಗುವ ಜಾಗ. ಬಸ್ಸು ತಿರುಗುವುದನ್ನು ನೋಡುತ್ತ ಕೂರುವುದೇ ನನ್ನ ಈಗಿನ ಉದ್ಯೋಗ.

ಪಾಸ್‌ವರ್ಡ್ ಎಲ್ಲ ಯಾಕೆ? ಒಬ್ಬರ ಖಾತೆಯಲ್ಲಿ ಇನ್ನೊಬ್ಬರು ಕೂರುವುದು ಒಳ್ಳೆಯ ಪದ್ಧತಿಯಲ್ಲ. ಅದಕ್ಕಿಂತ ಸುಲಭದ ದಾರಿಯಿದೆ. ನನ್ನ ಮೇಜಿನ ಎರಡನೆಯ ಡ್ರಾಯರಿನಲ್ಲಿ ನೀಲಿ ಲಕೋಟೆಯಿದೆ, ಅದರಲ್ಲಿ ಲೈಸೆನ್ಸ್ ಸಂಖ್ಯೆಯಿದೆ. ಒಂದು ಸಂಖ್ಯೆಗೆ ಮೂರು ನೋಂದಣಿ ಕೊಡುತ್ತಾರೆ, ನಾನು ಬಳಸಿದ್ದು ಒಂದೇ. ಮೇಲಧಿಕಾರದ ಆದೇಶ ಕೊಟ್ಟು, ಅಂದರೆ ರೂಟ್ ಆಗಿ, ತಂತ್ರಾಂಶ ತೆರೆದು ಆ ಸಂಖ್ಯೆ ಹಾಕು. ಇಡೀ ಯಂತ್ರಕ್ಕೇ ನೋಂದಣಿಯಾಗುತ್ತದೆ.

ಎಲ್ಲರನ್ನೂ ಕೇಳಿದೆ ಅಂತ ಹೇಳು.

ದೊಡ್ಡಣ್ಣ

&nbsp;

ಜನವರಿ 27

ದೊಡ್ಡಣ್ಣ,

ನೀವು ಹೇಳಿದಂತೆಯೇ ಮಾಡಿದೆ. 'ನೋಂದಣಿ ಯಶಸ್ವಿ, ಧನ್ಯವಾದ' ಎಂದು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಖಾತೆಗೆ ವಾಪಸ್ ಬಂದು ತೆರೆದರೆ ಮತ್ತೆ ಅದೇ ರಾಗ, 'ಈ ಪ್ರತಿ ನೋಂದಣಿಯಾಗಿಲ್ಲ'.

ಕಂಪ್ಯೂಟರ್ ವಿಭಾಗದ ಕನ್ನಡಕದವರು ಕೆಳಗಿಳಿದು ಬಂದು ನೋಡಿದರು. "ಇದು ಯಂತ್ರಕ್ಕೆ ಅಂಟಿಕೊಳ್ಳೋ ಲೈಸೆನ್ಸ್ ಅಲ್ಲಮ್ಮ, ಬಳಕೆದಾರನಿಗೆ ಅಂಟಿಕೊಳ್ಳೋದು. ನೀವು ರೂಟ್ ಆಗಿ ಹಾಕಿದ್ರಿ, ಅದು ರೂಟ್‌ಗೇ ನೋಂದಣಿ ಆಗಿ ಕೂತಿದೆ," ಎಂದರು. "ಹಾಗಾದ್ರೆ ರೂಟ್ ಆಗಿಯೇ ಕೆಲಸ ಮಾಡ್ತೀನಿ," ಎಂದೆ. ಹಾಗೂ ಆಗಲಿಲ್ಲ. ರೂಟ್ ಆಗಿ ಕೂತವರಿಗೆ ಕೊರೆಯುವ ಯಂತ್ರವನ್ನು ಮುಟ್ಟಲು ಆ ತಂತ್ರಾಂಶ ಬಿಡುವುದಿಲ್ಲವಂತೆ, ಸುರಕ್ಷತೆಗಾಗಿ. ಮೂರರಲ್ಲಿ ಎರಡು ಹೋಯಿತು.

ಮೂರನೇ ತರಗತಿಯ ಟೀಚರಮ್ಮ ನೆನಪಿದ್ದಾರಲ್ಲ? ಮೊಣಕಾಲಿನ ಕೆಳಗೆ ಬಲಗಾಲು ಇಲ್ಲದವರು, ನಿಮಗೆ ಯಾವಾಗಲೂ 'ಕಾಲುಗಳ ಹೆಡ್ ಮಾಸ್ಟರ್' ಎನ್ನುತ್ತಿದ್ದವರು. ಅವರ ಹಳೆಯ ಬಟ್ಟಲು ಸೀಳು ಬಿಟ್ಟಿದೆ. ಊರುಗೋಲಿನಲ್ಲಿ ಬರುತ್ತಾರೆ, ಬೆಂಚಿನ ಮೇಲೆ ಕೂತು ಮಕ್ಕಳ ನೋಟ್ಸ್ ತಿದ್ದುತ್ತಾರೆ, ಹೋಗುತ್ತಾರೆ. ಅವರ ತರಗತಿ ಎರಡನೇ ಮಹಡಿಯಲ್ಲಿ. "ಈ ವಾರ ಆಗುತ್ತಾ?" ಎಂದು ಕೇಳುತ್ತಾರೆ. ನಾನು "ಆಗುತ್ತೆ" ಎನ್ನುತ್ತೇನೆ.

ಪದ್ಧತಿಯ ಮಾತು ಆಮೇಲೆ ಆಡೋಣ. ಪಾಸ್‌ವರ್ಡ್ ಕಳಿಸಿ, ನಿಮ್ಮ ದಮ್ಮಯ್ಯ.

ತಂಗಿ

&nbsp;

ಫೆಬ್ರವರಿ 12

ತಂಗಿಗೆ,

ಇಲ್ಲಿ ಚಳಿ ಹಿಡಿದು ಮಲಗಿದ್ದೆ, ಅದಕ್ಕೇ ತಡವಾಯಿತು.

ಪಾಸ್‌ವರ್ಡ್ ನೆನಪಾಗುತ್ತಿಲ್ಲ. ಕೈ ತಾನಾಗಿಯೇ ಒತ್ತುತ್ತಿತ್ತು, ತಲೆಗೆ ಗೊತ್ತಿರಲಿಲ್ಲ. ವಯಸ್ಸಾಯಿತಲ್ಲ. ತಂತ್ರಾಂಶದ ಕಂಪನಿಗೆ ಬರೆ, ಅವರಿಗೆ ವಿಷಯ ತಿಳಿಸಿದರೆ ಹೊಸ ನೋಂದಣಿ ಕೊಡಬಹುದು. ಇಲ್ಲವೇ ಉಳಿದ ಒಂದು ನೋಂದಣಿಯನ್ನು ನಿನ್ನ ಖಾತೆಯಲ್ಲೇ ಕೂತು ಹಾಕಿ ನೋಡು.

ಟೀಚರಮ್ಮನಿಗೆ ನಾನು ಕೇಳಿದೆ ಎಂದು ಹೇಳಬೇಡ.

ದೊಡ್ಡಣ್ಣ

&nbsp;

ಫೆಬ್ರವರಿ 20

ದೊಡ್ಡಣ್ಣನವರಿಗೆ,

ಮೂರನೆಯದೂ ಹೋಯಿತು. ನನ್ನ ಖಾತೆಯಲ್ಲಿ ಕೂತು, ಒಂದೊಂದೇ ಅಕ್ಷರ ಸರಿನೋಡಿ ಸಂಖ್ಯೆ ಹಾಕಿದೆ. 'ಸರ್ವರ್ ಉತ್ತರಿಸುತ್ತಿಲ್ಲ' ಎಂದಿತು. ಮತ್ತೆ ಒತ್ತಿದರೆ 'ನೋಂದಣಿಯ ಮಿತಿ ಮುಗಿದಿದೆ'. ಅದು ನನ್ನ ಹೆಸರಿಗೂ ಬರಲಿಲ್ಲ, ಯಾರ ಹೆಸರಿಗೂ ಹೋಗಲಿಲ್ಲ, ಗಾಳಿಗೆ ತೂರಿದಂತಾಯಿತು. ಕಂಪನಿಗೆ ಹಾಕಿದ ಮೇಲ್ ಹಾಗೇ ವಾಪಸ್ ಬಂತು. ಆ ಕಂಪನಿಯನ್ನೇ ಯಾರೋ ಕೊಂಡುಕೊಂಡು ಮುಚ್ಚಿದ್ದಾರಂತೆ.

ಕನ್ನಡಕದವರು ಕಡೆಯ ಪ್ರಯತ್ನವಾಗಿ ಹೊರಗಿನಿಂದ ನಿಮ್ಮ ಪಾಸ್‌ವರ್ಡ್ ಬದಲಿಸಿ ಖಾತೆ ತೆರೆದರು. ತೆರೆಯಿತು, ಆದರೆ ಒಳಗಿರುವುದೆಲ್ಲ ಕಲಸುಮೇಲೋಗರ, ಅರ್ಥವಿಲ್ಲದ ಅಕ್ಷರಗಳ ಸಾಲು. ನಿಮ್ಮ ಫೋಲ್ಡರಿಗೇ ಪ್ರತ್ಯೇಕ ಬೀಗ ಹಾಕಿದ್ದೀರಂತೆ, ಅದು ನಿಮ್ಮ ಹಳೆಯ ಪಾಸ್‌ವರ್ಡಿಗೆ ಮಾತ್ರ ಬಿಚ್ಚುತ್ತದಂತೆ. ಲೈಸೆನ್ಸ್ ಕಡತ ಆ ಬೀಗದ ಒಳಗೇ ಇದೆ. "ಹೋದ ಜೂನ್ ನಾಲ್ಕಕ್ಕೆ ಹಾಕಿದಾರೆ. ಇಷ್ಟು ಬಿಗಿ ಬೀಗ ಯಾಕಮ್ಮ? ಇಲ್ಲೇನು ಖಜಾನೆ ಇತ್ತಾ?" ಎಂದು ಕೇಳಿದರು. ರೋಗಿಗಳ ವಿವರ ಹೊರಗೆ ಹೋಗಬಾರದು ಎಂದು ಅವರು ಜೋಪಾನ ಮಾಡಿದ್ದಾರೆ, ನಿಮಗೇನು ಗೊತ್ತು ಎಂದು ನಾನು ಅವರ ಮೇಲೆ ರೇಗಿದೆ.

ಈಗ ಕಾಯುವವರು ಇಪ್ಪತ್ತಾರು. ಹಳೆಯ ರೀತಿಯಲ್ಲಿ ಗಾರೆಯ ಅಚ್ಚು ಹುಯ್ಯೋಣವೆಂದರೆ ಆ ಕೋಣೆ ಈಗ ಹಾಸಿಗೆಗಳ ಗೋದಾಮು, ಪ್ಲಾಸ್ಟಿಕ್ ಕಾಯಿಸುವ ಒಲೆಯೂ ಇಲ್ಲ. ಕಣ್ಣು ಮುಚ್ಚಿ ಕೈಯನ್ನು ಕೀಲಿಮಣೆಯ ಮೇಲಿಟ್ಟು ನೋಡಿ, ದೊಡ್ಡಣ್ಣ. ಕೈಗೆ ಗೊತ್ತಿದ್ದದ್ದು ಕೈಗೇ ನೆನಪಾಗಬಹುದು.

ತಂಗಿ

&nbsp;

ಮಾರ್ಚ್ 11

ದೊಡ್ಡಣ್ಣನವರಿಗೆ,

ಮೂರು ವಾರವಾಗುತ್ತ ಬಂತು, ಉತ್ತರವಿಲ್ಲ. ಅಂಚೆಯವರು ಬರುವ ಹೊತ್ತಿಗೆ ನಾನೇ ಮೇಲೆ ಹತ್ತಿ ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ. ನನ್ನನ್ನು ನೋಡಿದೊಡನೆ ಅವರು ದೂರದಿಂದಲೇ ತಲೆಯಾಡಿಸುತ್ತಾರೆ.

ಕೂತು ಯೋಚಿಸಿದೆ. ನೀವು ಮರೆಯುವವರಲ್ಲ. ಹತ್ತು ವರ್ಷದ ಹಿಂದೆ ಬಂದವರ ಹಿಮ್ಮಡಿಯ ಅಳತೆಯನ್ನೂ ಬಾಯಲ್ಲೇ ಹೇಳುತ್ತಿದ್ದಿರಿ. ನಿಮಗೆ ನನ್ನ ಮೇಲೆ ಸಿಟ್ಟಿದೆ. ಯಾಕೆಂದೂ ನನಗೆ ಗೊತ್ತು.

ಗಡಿಯಾರ ರಿಪೇರಿಯವರ ವಿಷಯ. ಅಳತೆ ತೆಗೆದವಳು ನಾನು. ಆರು ಮಿಲಿಮೀಟರ್ ಕಡಿಮೆ ಬರೆದವಳೂ ನಾನೇ. ತೆಗೆದಾಗ ಎಲ್ಲವೂ ಸರಿಯಿತ್ತು ಎಂದೇ ನನ್ನ ನೆನಪು, ಆದರೆ ವಿಚಾರಣೆಯ ದಿನ ನಿರ್ದೇಶಕರ ಮೇಜಿನ ಮೇಲೆ ನನ್ನ ಹೆಸರಿನ ಹಾಳೆಯೇ ಇತ್ತು. ನೆನಪನ್ನು ನಂಬಲೋ, ಹಾಳೆಯನ್ನು ನಂಬಲೋ? ಅವರ ಮೂಳೆಯ ತುದಿಗೆ ಬಟ್ಟಲು ಒತ್ತಿ ಹುಣ್ಣಾಗಿ ನಂಜೇರಿತು, ಮೊಣಕಾಲು ಹೋಯಿತು, ಹೋದ ಮೇ ತಿಂಗಳಲ್ಲಿ ಅವರೇ ಹೋದರು. ನೀವು ಮೂವತ್ತೊಂದು ವರ್ಷ ಕಟ್ಟಿದ ಹೆಸರಿಗೆ ನಾನು ಒಂದು ಹಾಳೆಯಲ್ಲಿ ಮಸಿ ಬಳಿದೆ. ಅಂದು ನೀವು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ನೀವು ನನಗೆ ಮುಖ ಕೊಟ್ಟು ಮಾತಾಡಲಿಲ್ಲ, ಆರು ತಿಂಗಳಿಗೆ ಊರನ್ನೇ ಬಿಟ್ಟಿರಿ. ನನ್ನಿಂದಲೇ ಬಿಟ್ಟಿರಿ ಎಂದು ಇಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಈಗಲೂ ನಾನು ತೆಗೆದ ಅಳತೆಗೆ ಮೇಲಿನ ಮಹಡಿಯ ಡಾಕ್ಟರ ಸಹಿ ಬೇಕು. ಅದು ಬೇಕಾದದ್ದೇ. ಟೇಪು ಹಿಡಿದರೆ ಮೂರು ಸಲ, ನಾಲ್ಕು ಸಲ ಅಳೆಯುತ್ತೇನೆ, ಪ್ರತಿ ಸಲವೂ ಬೇರೆ ಬಂದಂತೆ ಕಾಣುತ್ತದೆ.

ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ, ದೊಡ್ಡಣ್ಣ. ಕಾಲಿಗೆ ಬಿದ್ದೆ ಎಂದುಕೊಳ್ಳಿ. ನನ್ನ ಮೇಲಿನ ಸಿಟ್ಟನ್ನು ಆ ಇಪ್ಪತ್ತಾರು ಜನರ ಮೇಲೆ ತೀರಿಸಬೇಡಿ.

ತಂಗಿ

&nbsp;

ಮಾರ್ಚ್ 19

ತಂಗಿಗೆ,

ಸಿಟ್ಟಿಲ್ಲ. ನಿನ್ನ ಮೇಲೆ ನನಗೆ ಯಾವತ್ತೂ ಸಿಟ್ಟಿಲ್ಲ. ಹಾಗೆ ಬರೆಯಬೇಡ.

ಆರು ಗಂಟೆ ದಾರಿಯ ದೊಡ್ಡ ಆಸ್ಪತ್ರೆಯಲ್ಲಿ ಇಂಥದ್ದೇ ವರ್ಕ್‌ಶಾಪ್ ಇದೆ. ಕಾಯುವವರನ್ನು ಅಲ್ಲಿಗೆ ಕಳಿಸಲು ನಿರ್ದೇಶಕರಿಗೆ ಹೇಳು.

ದೊಡ್ಡಣ್ಣ

&nbsp;

ಏಪ್ರಿಲ್ 2

ದೊಡ್ಡಣ್ಣನವರಿಗೆ,

ನಿಮ್ಮ ಮೂರು ಸಾಲು ಬಂತು. ನೀವು ಹೇಳುವ ಮೊದಲೇ ನಿರ್ದೇಶಕರು ಅದನ್ನು ತೀರ್ಮಾನಿಸಿದ್ದಾರೆ. ಏಪ್ರಿಲ್ ಮೂವತ್ತಕ್ಕೆ ವರ್ಕ್‌ಶಾಪ್ ಮುಚ್ಚುತ್ತಾರೆ. ರೋಗಿಗಳನ್ನು ಆರು ಗಂಟೆ ದಾರಿಗೆ ಕಳಿಸುತ್ತಾರೆ. ಒಂದು ಬಟ್ಟಲಿಗೆ ನಾಲ್ಕು ಸಲವಾದರೂ ಹೋಗಬೇಕು, ಒಂಟಿ ಕಾಲಲ್ಲಿ. ಹೋಗುವವರು ಹೋಗುತ್ತಾರೆ. ಉಳಿದವರು ಮನೆಯಲ್ಲಿ ಕೂರುತ್ತಾರೆ.

ಟೀಚರಮ್ಮ ಮೊನ್ನೆ ಬಂದಿದ್ದರು. ಕೈಯಲ್ಲಿ ನೋಟ್ಸ್ ಇರಲಿಲ್ಲ. ಅವರ ತರಗತಿಗೆ ಬೇರೆಯವರನ್ನು ಹಾಕಿದ್ದಾರಂತೆ. "ತಪ್ಪೇನಿಲ್ಲ ಬಿಡಮ್ಮ, ಮಕ್ಕಳು ಎಷ್ಟು ದಿನ ಅಂತ ಖಾಲಿ ಕೂತಿರ್ತಾರೆ," ಎಂದರು. ಆಮೇಲೆ, "ಮೂರು ತಿಂಗಳಿಂದ ಆಗುತ್ತೆ ಆಗುತ್ತೆ ಅಂದ್ಯಲ್ಲ. ಆಗಲ್ಲ ಅಂತ ಮೊದಲೇ ಹೇಳಿದ್ರೆ ನಾನು ಬೇರೆ ಕಡೆ ಹೋಗ್ತಿದ್ದೆ," ಎಂದರು. ಜೋರಾಗಿ ಹೇಳಲಿಲ್ಲ. ನಿಮ್ಮನ್ನು ನಂಬಿ ಆಗುತ್ತೆ ಎಂದಿದ್ದೆ.

ನಾನು ಮೂವತ್ತಕ್ಕೆ ರಾಜೀನಾಮೆ ಕೊಡುತ್ತೇನೆ. ಆರು ಗಂಟೆ ದಾರಿಯ ವರ್ಕ್‌ಶಾಪಿನವರು ಕರೆದಿದ್ದಾರೆ, ಹೋಗುವುದಿಲ್ಲ. ಈ ಕೆಲಸವನ್ನೇ ಬಿಡುತ್ತೇನೆ. ಒಬ್ಬರನ್ನು ಕೊಂದ ಕೈ ಇದು, ಇಪ್ಪತ್ತಾರು ಜನರನ್ನು ಕೂರಿಸಿದ ಕೈ. ಅಕ್ಕನ ಗಂಡನ ಕಾಗದದ ಡಬ್ಬಿ ಕಾರ್ಖಾನೆಯಲ್ಲಿ ಜಾಗವಿದೆ. ಡಬ್ಬಿ ಆರು ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ಯಾರೂ ಸಾಯುವುದಿಲ್ಲ.

ಇದು ನನ್ನ ಕಡೆಯ ಕಾಗದ. ಆರೋಗ್ಯ ನೋಡಿಕೊಳ್ಳಿ.

&nbsp;

ಏಪ್ರಿಲ್ 10

ತಂಗಿ,

ರಾಜೀನಾಮೆ ಕೊಡಬೇಡ. ಪೂರ್ತಿ ಓದಿದ ಮೇಲೆ ಏನು ಬೇಕಾದರೂ ಮಾಡು.

ನಿನ್ನ ಅಳತೆ ಸರಿಯಿತ್ತು. ಗಡಿಯಾರದವರಿಗೆ ಹೋದ ಏಪ್ರಿಲ್‌ನಲ್ಲಿ ನೀನು ತೆಗೆದ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬಟ್ಟಲು ಬಿಡಿಸಿದವನು ನಾನು. ಅವರ ಹೆಸರಿನ ಕೆಳಗೆ ಎರಡು ಕಡತಗಳಿದ್ದವು, ನಿನ್ನದೊಂದು, ಅದರ ಹಿಂದಿನ ವರ್ಷದ್ದೊಂದು. ಹಳೆಯದನ್ನು ತೆರೆದು ಅದರ ಮೇಲೇ ಬಿಡಿಸಿಬಿಟ್ಟೆ. ಅವರು ನಡೆದು ನೋಡಿ "ತುದೀಲಿ ಒತ್ತುತ್ತೆ ದೊಡ್ಡಣ್ಣ" ಎಂದಾಗ, "ಹೊಸದು, ರೂಢಿಯಾಗುತ್ತೆ, ಬಿಡದೆ ಹಾಕ್ಕೊಳ್ಳಿ" ಎಂದು ಬೆನ್ನು ತಟ್ಟಿ ಕಳಿಸಿದೆ. ನೀನು ಅಂದು ರಜೆಯಲ್ಲಿದ್ದೆ.

ಒಂಬತ್ತನೆಯ ದಿನ ಬೇರೇನೋ ಹುಡುಕುವಾಗ ತಪ್ಪು ಕಣ್ಣಿಗೆ ಬಿತ್ತು. ಫೋನ್ ಕೈಗೆತ್ತಿಕೊಂಡೆ. ಸೋಮವಾರ ಅವರು ಹೇಗೂ ಪರೀಕ್ಷೆಗೆ ಬರಬೇಕಿತ್ತು. ಸುಮ್ಮನೆ ಹೊಸ ಬಟ್ಟಲು ಮಾಡಿಟ್ಟು, 'ಸ್ವಲ್ಪ ಸರಿಮಾಡಿದೀನಿ' ಎಂದು ಬದಲಿಸಿಬಿಡೋಣ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ಫೋನ್ ಕೆಳಗಿಟ್ಟೆ. ಸೋಮವಾರ ಅವರು ಬರಲಿಲ್ಲ. ಜ್ವರ ಬಂದು ಮಲಗಿದ್ದರು. ಮಂಗಳವಾರವಾದರೂ ಹೇಳಬಹುದಿತ್ತು. ಬುಧವಾರ ಹೇಳಬಹುದಿತ್ತು. ಅವರು ಗಾಲಿಮಂಚದ ಮೇಲೆ ಆಸ್ಪತ್ರೆಗೆ ಬಂದ ದಿನ ನಾನು ಮೆಟ್ಟಿಲ ಹತ್ತಿರವೇ ನಿಂತಿದ್ದೆ.

ವಿಚಾರಣೆಗೆ ಅಳತೆಯ ಹಾಳೆ ಕೇಳಿದರು. ಹಳೆಯ ಅಳತೆಗೆ ಹೊಸ ದಿನಾಂಕ ಹಾಕಿ, ಕೆಳಗೆ ನಿನ್ನ ಹೆಸರಿಟ್ಟು ಮುದ್ರಿಸಿದವನು ನಾನು. ನಿನಗೆ ಬರೀ ಎಚ್ಚರಿಕೆಯ ಪತ್ರ ಕೊಟ್ಟು ಬಿಡುತ್ತಾರೆ, ಚಿಕ್ಕ ವಯಸ್ಸು, ತಡೆದುಕೊಳ್ಳುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ತಂತ್ರಾಂಶ ಹಳೆಯ ಪ್ರತಿಗಳನ್ನು ಅಳಿಸಲು ಬಿಡುವುದಿಲ್ಲ. ನೀನು ತೆಗೆದ ನಿಜವಾದ ಅಳತೆ, ನಾನು ಬಿಡಿಸಿದ ತಪ್ಪು ಬಟ್ಟಲು, ದಿನ, ಗಂಟೆ, ನಿಮಿಷ ಎಲ್ಲ ನನ್ನ ಫೋಲ್ಡರಿನಲ್ಲಿ, ನೀವು ಯಾರೂ ತೆರೆಯದ ಮೂಲೆಯಲ್ಲಿದೆ. ಅದಕ್ಕೇ ಜೂನ್ ನಾಲ್ಕರ ಬೀಗ. ಕನ್ನಡಕದವರು ಕೇಳಿದ್ದು ಸರಿ. ನೀನು ಅವರ ಮೇಲೆ ರೇಗಿದ್ದನ್ನು ಓದಿದಾಗಲೇ ನಾನು ಬರೆಯಬೇಕಿತ್ತು. ಆಮೇಲೆ ನೀನು ನನ್ನನ್ನೇ ಕ್ಷಮೆ ಕೇಳಿದೆ. ಆ ಕಾಗದ ಓದಿಯೂ ಮೂರು ಸಾಲು ಬರೆದು ಅಂಚೆಗೆ ಹಾಕಿ ಬಂದು ಊಟ ಮಾಡಿದೆ. ಅಂಥವನು ನಾನು.

ಪಾಸ್‌ವರ್ಡ್ ನಾನು ಮರೆತದ್ದೇ ಇಲ್ಲ. ಕಾಗದದ ಹಿಂಬದಿಯಲ್ಲಿ ದೊಡ್ಡಕ್ಷರ ಯಾವುದು, ಚಿಕ್ಕಕ್ಷರ ಯಾವುದು ಎಂದು ಗುರುತು ಮಾಡಿ ಬರೆದಿದ್ದೇನೆ. ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು. ಕರೆದರೆ ಬರುತ್ತೇನೆ.

ಕೆಳಗೆ ಏನೆಂದು ಸಹಿ ಹಾಕಲಿ ಎಂದು ತಿಳಿಯುತ್ತಿಲ್ಲ.

&nbsp;

ಮೇ 6

ನಿಮ್ಮ ಕಾಗದ ಏಪ್ರಿಲ್ ಹದಿನೆಂಟಕ್ಕೆ ಬಂತು. ಅಂದೇ ಉತ್ತರ ಬರೆಯಲು ಕೂತೆ, ಆಗಲಿಲ್ಲ. ಮರುದಿನವೂ ಆಗಲಿಲ್ಲ.

ಪಾಸ್‌ವರ್ಡ್ ಹಿಡಿಯಿತು. ಬೀಗ ಬಿಚ್ಚಿತು. ತಂತ್ರಾಂಶ ತೆರೆದಾಗ ಮೇಲಿನ ಮೂಲೆಯಲ್ಲಿ 'ನೋಂದಾಯಿತ ಬಳಕೆದಾರರು: ದೊಡ್ಡಣ್ಣ' ಎಂದು ಬಂತು. ಕನ್ನಡಕದವರು ಕೈಕುಲುಕಿ ಮೇಲೆ ಹೋದರು. ಅವರು ಹೋದ ಮೇಲೆ ಗಡಿಯಾರದವರ ಕಡತ ತೆಗೆದೆ. ನನ್ನ ಅಳತೆ ಅಲ್ಲೇ ಇತ್ತು. ಒಂದು ವರ್ಷ ನಾನು ಹುಚ್ಚಿಯಂತೆ ನನ್ನ ಕೈಯನ್ನೇ ನೋಡಿಕೊಂಡಿದ್ದೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ.

ಎಲ್ಲವನ್ನೂ ಮುದ್ರಿಸಿ, ನಿಮ್ಮ ಕಾಗದದ ಜೊತೆ ನಿರ್ದೇಶಕರ ಮುಂದಿಟ್ಟೆ. ಅವರು ಎರಡು ಸಲ ಓದಿದರು, ಎದ್ದು ಬಾಗಿಲು ಮುಚ್ಚಿದರು. "ನಿನಗೆ ಅನ್ಯಾಯ ಆಗಿದೆ, ಇಲ್ಲ ಅನ್ನಲ್ಲ. ಆದ್ರೆ ಈಗ ಇದನ್ನ ಎತ್ತಿದ್ರೆ ಮತ್ತೆ ವಿಚಾರಣೆ. ಆ ಕಂಪ್ಯೂಟರ್‌ಗೆ ಸೀಲ್ ಹಾಕಿ ತಗೊಂಡು ಹೋಗ್ತಾರೆ, ಎಷ್ಟು ತಿಂಗಳೋ ಗೊತ್ತಿಲ್ಲ. ಲೈಸೆನ್ಸ್ ಇರೋದು ಅದರಲ್ಲೇ ತಾನೆ? ಕಾಯ್ತಿರೋರಿಗೆ ಏನು ಹೇಳ್ತೀಯ? ನೀನೇ ತೀರ್ಮಾನ ಮಾಡಮ್ಮ," ಎಂದರು.

ಕೆಳಗೆ ಬಂದಾಗ ಬೆಂಚಿನ ಮೇಲೆ ಏಳು ಜನ ಕೂತಿದ್ದರು. ಕಾಗದವನ್ನು ಚೀಲದಲ್ಲಿಟ್ಟು ಕೊರೆಯುವ ಯಂತ್ರ ಚಾಲೂ ಮಾಡಿದೆ. ಮೂವತ್ತಕ್ಕೆ ವರ್ಕ್‌ಶಾಪ್ ಮುಚ್ಚಲಿಲ್ಲ, ನಾನೂ ರಾಜೀನಾಮೆ ಕೊಡಲಿಲ್ಲ. ಹೀಗೆ ನಾನೂ ನಿಮ್ಮ ಹಾಗೆ ಬಾಯಿ ಮುಚ್ಚಿಕೊಂಡೆ. ಹೇಳಿಕೊಳ್ಳಲು ನಿಮ್ಮ ಹಾಗೇ ನನಗೂ ಒಂದು ಕಾರಣ ಸಿಕ್ಕಿದೆ.

ಒಬ್ಬರಿಗೆ ಮಾತ್ರ ಹೇಳಿದೆ. ಭಾನುವಾರ ಗಡಿಯಾರದವರ ಮನೆಗೆ ಹೋದೆ. ಅಂಗಡಿಯ ಕೋಣೆಯನ್ನು ಹಾಗೇ ಇಟ್ಟಿದ್ದಾರೆ, ಯಾರೂ ವಾಪಸ್ ಕೇಳದ ಗಡಿಯಾರಗಳು ಗೋಡೆಯ ತುಂಬ ಇವೆ. ಅವರ ಹೆಂಡತಿ ನನ್ನನ್ನು ಒಳಗೆ ಕರೆಯುತ್ತಾರೆಂದು ನಾನು ಎಣಿಸಿರಲಿಲ್ಲ. ಎಲ್ಲವನ್ನೂ ಹೇಳಿದೆ. ನಿಮಗೆ ಶಾಪ ಹಾಕುತ್ತಾರೆ ಎಂದುಕೊಂಡೆ. ಅವರು, "ಹಾಗಾದ್ರೆ ಅವರಿಗೆ ನೋವಾಗ್ತಿದ್ದದ್ದು ನಿಜ," ಎಂದರು. "ದಿನಾ ಸಂಜೆ ಬಿಚ್ಚಿಡ್ತೀನಿ ಕಣೆ ಅನ್ನೋರು. ನಾನೇ ಬೈತಿದ್ದೆ. ದೊಡ್ಡಣ್ಣ ಹೇಳಿದಾರೆ ರೂಢಿಯಾಗುತ್ತೆ ಅಂತ, ಸುಮ್ನೆ ಹಾಕ್ಕೊಂಡು ನಡೀರಿ, ಮಕ್ಕಳ ಥರ ಆಡಬೇಡಿ ಅಂತ. ನಾನೇ ಪಟ್ಟಿ ಬಿಗಿದು ಕಟ್ತಿದ್ದೆ." ಆಮೇಲೆ ತಮ್ಮ ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತರು. ನನ್ನ ಭಾರವನ್ನು ಇಳಿಸಿಕೊಳ್ಳಲು ಹೋಗಿ ಅವರ ಮೇಲೆ ಹೊರಿಸಿ ಬಂದೆ. ನಾನು ಹೇಳಬಾರದಿತ್ತೋ ಏನೋ. ಹೇಳದೆ ಇರಲೂ ಆಗುತ್ತಿರಲಿಲ್ಲ.

ಟೀಚರಮ್ಮನ ಕಾಲು ಸಿದ್ಧವಾಯಿತು. ಚೆನ್ನಾಗಿ ಕೂತಿದೆ. ಹೋಗಲು ಶಾಲೆಯಿಲ್ಲ, ಅಷ್ಟೇ.

ನೀವು ಬರುವುದು ಬೇಡ. ಇನ್ನು ಬರೆಯುವುದೂ ಬೇಡ. ನಿಮ್ಮನ್ನು ಕ್ಷಮಿಸಿದೆನೋ ಇಲ್ಲವೋ ಎಂದು ನೀವು ಕೇಳಲಿಲ್ಲ, ಅದೊಂದು ಒಳ್ಳೆಯದು ಮಾಡಿದಿರಿ.

ಆ ತಂತ್ರಾಂಶಕ್ಕೆ ನಾನು ಇನ್ನೂ ಯಾರೂ ಅಲ್ಲ. ದಿನಾ ಬೆಳಿಗ್ಗೆ ನಿಮ್ಮ ಹೆಸರು ಒತ್ತಿ, ನಿಮ್ಮ ಪಾಸ್‌ವರ್ಡ್ ಒತ್ತಿ, ನೀವಾಗಿ ಒಳಗೆ ಹೋಗಬೇಕು. ನಾನು ಮಾಡಿದ ಪ್ರತಿ ಬಟ್ಟಲಿನ ಹಾಳೆಯ ಕೆಳಗೂ 'ವಿನ್ಯಾಸ: ದೊಡ್ಡಣ್ಣ' ಎಂದು ತಾನಾಗಿಯೇ ಅಚ್ಚಾಗುತ್ತದೆ. ಅದನ್ನು ಪೆನ್ನಿನಿಂದ ಹೊಡೆದುಹಾಕಿ ಪಕ್ಕದಲ್ಲಿ ನನ್ನ ಹೆಸರು ಬರೆಯುತ್ತೇನೆ, ಮನೆಯ ವಿಳಾಸವನ್ನೂ ಬರೆಯುತ್ತೇನೆ. ಒಬ್ಬಳೇ ಸಹಿ ಹಾಕುವ ಹಕ್ಕು ನನಗಿನ್ನೂ ವಾಪಸ್ ಬಂದಿಲ್ಲ. ಹಾಕುತ್ತಿದ್ದೇನೆ. ನಾಳೆ ಯಾರಿಗಾದರೂ ನೋವಾದರೆ ಯಾರ ಬಾಗಿಲು ಬಡಿಯಬೇಕೆಂದು ಅವರಿಗೆ ಗೊತ್ತಿರಲಿ.